ಆಯುಧಪೂಜೆಯ ಮರುದಿನ ಕತ್ತರಿಸಿದ ಸಾಲು

ಮೆಹದಿಪಟ್ಟಣಂ, ಹೈದರಾಬಾದ್
೧೨ ನವೆಂಬರ್ ೨೦೨೪

ನನ್ನ ಮುದ್ದಿನ ಪೂರ್ವಿ,

ಹೇಗಿದ್ದೀಯೇ? ಇಟಲಿಯ ಆ ಗುಡ್ಡದಲ್ಲಿ ಈಗಲೇ ಹಿಮ ಬಿದ್ದಿದೆ ಎಂದು ಬರೆದಿದ್ದೀ. ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ನಾನು ಕಳಿಸಿದ ಶೇಂಗಾ ಹಿಂಡಿ ಮುಗಿದಿರಬೇಕು. ರೊಟ್ಟಿ ಸಿಗದಿದ್ದರೆ ಬ್ರೆಡ್ಡಿಗೇ ಹಚ್ಚಿಕೊಂಡು ತಿಂದಿರುತ್ತೀ, ನಿನ್ನನ್ನು ನಾನು ಬಲ್ಲೆ.

ನಿನ್ನ ಫೋಟೊಗಳನ್ನು ದಿನಾ ನೋಡುತ್ತೇನೆ. ಮೇಕೆಯೂ ಯೋಚಿಸಿ ಕಾಲಿಡುವಂಥ ಇಳಿಜಾರಿನಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟೆ ಕಟ್ಟಿ, ಒಂದೊಂದು ಕಟ್ಟೆಯ ಮೇಲೂ ಎರಡೆರಡು ಸಾಲು ದ್ರಾಕ್ಷಿ ನಿಲ್ಲಿಸಿದ್ದಾರಲ್ಲ, ಎಂಥ ಜನ ಅವರು. ತಿಕೋಟಾದ ನಮ್ಮ ತೋಟ ಪೂರಾ ಸಪಾಟು. ಅದರಲ್ಲಿ ಒಣದ್ರಾಕ್ಷಿ ಮಾಡಿದ್ದಕ್ಕೇ ನಿಮ್ಮ ಅಜ್ಜ ಮೀಸೆ ತಿರುವಿದ್ದೇ ತಿರುವಿದ್ದು. ಮಳೆಗೆ ಜಾರಿದ ಮಣ್ಣನ್ನು ಪ್ರತಿ ವರ್ಷ ಬುಟ್ಟಿಯಲ್ಲಿ ಮತ್ತೆ ಮೇಲಕ್ಕೆ ಹೊರುತ್ತಾರೆ ಎಂದು ಓದಿ ನನಗೆ ಕಣ್ಣು ತುಂಬಿ ಬಂತು. ಇಲ್ಲಿ ನಿನ್ನ ಅಮ್ಮ ಮಧುರಾ ಯಾರು ಕೇಳಿದರೂ ನೀನು ಜ್ಯೂಸ್ ಮಾಡುವುದನ್ನು ಕಲಿಯುತ್ತಿದ್ದೀ ಎನ್ನುತ್ತಾಳೆ. ನಾನು ವೈನ್ ಎಂದೇ ಹೇಳುತ್ತೇನೆ. ಮುಖ ಹುಳ್ಳಗೆ ಮಾಡಿದವರಿಗೆ ಚಹಾ ಕೊಟ್ಟು ಕಳಿಸುತ್ತೇನೆ.

ಈಗ ಆ ಸಾಲಿನ ವಿಷಯ. ನೀನು ಅಲ್ಲಿ ಆಯುಧಪೂಜೆಗೆ ಕತ್ತರಿಗೆ ಕುಂಕುಮ ಹಚ್ಚಿ, ಮರುದಿನ ನಮ್ಮ ಮನೆಯ ಪದ್ಧತಿಯಂತೆ ಒಂದಿಡೀ ಸಾಲಿನ ಬಳ್ಳಿ ಸವರಿ ಚಾಟ್ನಿ ಮಾಡಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ನಮ್ಮಲ್ಲಿ ದಸರೆಗೆ ಬಳ್ಳಿ ಸವರಿದರೆ ಚಿಗುರು ಬರುತ್ತದೆ, ಅಲ್ಲಿ ಹಿಮ ಬರುತ್ತದೆ. ಎಲೆ ಹಣ್ಣಾಗಿ ತಾನೇ ಉದುರುವ ತನಕ ಬೇರಿಗೆ ಊಟ ಇಳಿಯುತ್ತಿರುತ್ತದಂತೆ. ಉಣ್ಣುತ್ತಿದ್ದವರ ಮುಂದಿನ ತಟ್ಟೆ ಎಳೆದ ಹಾಗಾಯಿತು. ತಪ್ಪು ತಪ್ಪೇ. ಆದರೆ ತೋಟದ ಒಡತಿ ಬೈಯಲಿಲ್ಲ. ಆ ಸಾಲು ಇನ್ನು ಮೇಲೆ ನಿನ್ನದೇ, ಚಳಿ ಮುಗಿದ ಮೇಲೆ ಎಷ್ಟು ಬಳ್ಳಿ ಉಳಿದಿವೆಯೋ ನೀನೇ ನೋಡಿಕೋ ಎಂದಳಂತೆ. ಅಂಥ ಹೆಂಗಸಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ. ನೀನೋ, ನಾಚಿಕೆಯಿಂದ ಗಂಟುಮೂಟೆ ಕಟ್ಟುತ್ತೇನೆ ಎನ್ನುತ್ತೀ. ನಿನ್ನ ಅಪ್ಪ ಕಲ್ಲೇಶನಿಗೆ ಹಾಲು ಕುಡಿದಷ್ಟು ಸಂತೋಷ. ಬೇಗಂಪೇಟೆಯ ಆಫೀಸೊಂದರಲ್ಲಿ ನಿನಗೊಂದು ಕುರ್ಚಿಯನ್ನೂ ಹುಡುಕಿಟ್ಟಿದ್ದಾನೆ. "ಫ್ಯಾನ್ ಕೆಳಗ ಕುಂತು ಮಾಡೋ ಕೆಲಸ ಐತಿ, ಇನ್ನೇನ್ ಬೇಕ ಆಕಿಗೆ?" ಎಂದು ನನ್ನನ್ನೇ ಕೇಳುತ್ತಾನೆ. ಅವನ ಮೇಲೆ ಬಂದ ಸಿಟ್ಟು ನಿನ್ನ ಮೇಲೂ ಬಂತು. ಕತ್ತರಿ ಹಾಕಿದವಳು ಬಳ್ಳಿ ಬದುಕಿತೋ ಇಲ್ಲವೋ ನೋಡದೆ ಓಡಿಬಂದರೆ ಹೇಗೆ?

ನಿನ್ನ ಒಡತಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ, ನೀನು ಮುಟ್ಟಿದ ಬಳ್ಳಿ ಹಬ್ಬಲಿ.

ನಿನ್ನ ಅಜ್ಜಿ,
ಗಿರಿಜಾಬಾಯಿ

ಮರೆತಿದ್ದೆ: ಕೆಳಗಿನ ಮನೆಯ ನಲಿನಿ ಇದರ ಫೋಟೊ ತೆಗೆದು ಈಗಲೇ ನಿನಗೆ ಕಳಿಸುತ್ತಾಳೆ, ಅವಸರವಿದೆ. ಬರುವ ಭಾನುವಾರ ನಿನ್ನ ಅಪ್ಪ ಫೋನ್ ಮಾಡಿ, ಅಜ್ಜಿಗೆ ಎದೆನೋವು, ಕೂಡಲೇ ಬಾ ಎನ್ನುತ್ತಾನೆ. ಅಡುಗೆಮನೆಯಲ್ಲಿ ಮಧುರಾಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ನನಗೇನೂ ಆಗಿಲ್ಲ, ಇವತ್ತೂ ಗುಡಿಮಲ್ಕಾಪುರದ ಮಾರ್ಕೆಟ್ಟಿಗೆ ನಡೆದೇ ಹೋಗಿ ಬಂದೆ. ನಿನ್ನನ್ನು ನೋಡಬೇಕೆಂಬ ಆಸೆ ಅವನಿಗಿಂತ ನನಗೇ ಹೆಚ್ಚು. ಆದರೂ ಆ ಸಾಲು ಚಿಗುರುವ ತನಕ ಬರಬೇಡ ಮಗಳೇ. ನಾನು ಕಾಯುತ್ತೇನೆ.