ಮೈನಸ್ ಮೂವತ್ತೆಂಟರಲ್ಲೂ ಬೆವರದ ಕಂಪ್ಯೂಟರ್

ಗುಂಡ್ಲುಪೇಟೆ
೨೩ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಯಜಮಾನರಿಗೆ,

ಸೊಂಟ ಹೇಗಿದೆ? ಐಸ್ ಪ್ಲಾಂಟಿನಲ್ಲಿ ಒದ್ದೆ ಕಾಲಲ್ಲಿ ನಿಂತು ಮೀನಿನ ಪೆಟ್ಟಿಗೆ ಎತ್ತಬೇಡಿ ಎಂದು ಹೋದ ಸಲವೇ ಹೇಳಿದ್ದೆ, ಎತ್ತಿರುತ್ತೀರಿ. ಅತ್ತೆ ಚೆನ್ನಾಗಿದ್ದಾರೆ, ಸಕ್ಕರೆ ಕಾಯಿಲೆಯನ್ನು ಮರೆತು ಇವತ್ತು ಎರಡು ಸಲ ಪಾಯಸ ಹಾಕಿಸಿಕೊಂಡರು. ಪಾಯಸ ಯಾಕೆ ಎಂಬುದನ್ನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ನೀವು ಮೂರನೇ ಮಾತಿಗೇ ಬಾಯಿ ಹಾಕುತ್ತೀರಿ. ಕಾಗದದಲ್ಲಿ ಆ ಅನುಕೂಲ ನಿಮಗಿಲ್ಲ.

ಕೇರಳದ ಐಸ್ ಪ್ಲಾಂಟಿಗೆಂದು ಬತ್ತೇರಿ ಬಸ್ಸು ಹತ್ತುವಾಗ ನೀವು ಹೇಳಿದ್ದು ನೆನಪಿದೆಯಲ್ಲ? "ಗಂಡಸಿಲ್ದ ಪಿರಿಜ್ ರಿಪೇರಿ ಅಂಗ್ಡೀಗೆ ಯಾರ್ ಬಂದಾರು ಭಾನು, ತಿಂಗಳ ಕೊನೇಗೆ ಬೀಗದ್ ಕೈ ಗುರುಪಾದಸ್ವಾಮಿಗೆ ಕೊಟ್ಬುಡು, ಬೇಕರಿ ಮಾಡ್ಕತಾನೆ." ಹನ್ನೊಂದು ವರ್ಷ ನೀವು ಬೆಸುಗೆ ಹಾಕುವಾಗ ಬ್ಯಾಟರಿ ಬೆಳಕು ಹಿಡಿದು ನಿಂತವಳು, ನಿಮ್ಮ ಕೈ ಯಾವ ತಿರುವಿನಲ್ಲಿ ನಡುಗುತ್ತದೆ ಎಂಬುದೂ ಗೊತ್ತಿರುವವಳು, ಒಂದು ತಿಂಗಳು ನೋಡೋಣ ಎಂದುಕೊಂಡೆ. ಮೊದಲ ವಾರ ಬಂದದ್ದು ಒಂದು ಮಿಕ್ಸಿ, ಅದೂ ಅಂಗಡಿ ತಪ್ಪಿ. ಎರಡನೇ ವಾರ ಬಂದವಳು ತೇಜಸ್ವಿನಿ, ಬೇಗೂರಿನ ಹಾಲಿನ ಸೊಸೈಟಿ ಕಾರ್ಯದರ್ಶಿ ಮರಿಮಲ್ಲಪ್ಪನವರ ಮಗಳು, ಚಾಮರಾಜನಗರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಸ್ಪರ್ಧೆಯಂತೆ: ಯಾರ ಕಂಪ್ಯೂಟರ್ ಅತಿ ವೇಗದಲ್ಲಿ ಹತ್ತು ನಿಮಿಷ ನಿಲ್ಲದೆ ಓಡುತ್ತದೋ ಅವರದೇ ಗೆಲುವು. ವೇಗ ಹೆಚ್ಚಿಸಿದರೆ ಅದರ ಚಿಪ್ ಕಾದು ತಾನೇ ನಿಂತುಬಿಡುತ್ತದೆ, ತಣ್ಣಗಿಟ್ಟಷ್ಟೂ ಓಡುತ್ತದೆ. "ಬೇರೆಯವ್ರೆಲ್ಲ ಫ್ಯಾನು, ನೀರು ಅಂತಿದ್ದಾರೆ ಅಕ್ಕ. ನಂಗೆ ಸೊನ್ನೆಗಿಂತ ಕೆಳಗೆ ಬೇಕು" ಎಂದಳು. "ಕೆಳಕ್ ಇಳ್ಸದೇ ನಮ್ ಕಸುಬು ಕಣಮ್ಮಿ, ಎಷ್ಟ್ ಮೆಟ್ಲು ಅಂತ ಯೋಳು" ಎಂದೆ.

ಮೂಲೆಯಲ್ಲಿದ್ದ ಐಸ್‌ಕ್ರೀಮ್ ಫ್ರೀಜರಿನ ಕಂಪ್ರೆಸರ್ ಬಿಚ್ಚಿದೆ. ಚಿಪ್ಪಿನ ಮೇಲೆ ಕೂರಲು ಒಂದು ತಾಮ್ರದ ಡಬ್ಬಿ, ಅದರೊಳಕ್ಕೆ ಗ್ಯಾಸು ನುಗ್ಗಲು ಸಣ್ಣ ಕೊಳವೆ. ಕೊಳವೆಯನ್ನು ಒಂಬತ್ತು ಅಡಿಯಿಂದ ಶುರುಮಾಡಿ ಅಂಗುಲ ಅಂಗುಲ ಕತ್ತರಿಸುತ್ತ, ಒಂದೊಂದು ತುಂಡಿಗೂ ಎಷ್ಟು ಡಿಗ್ರಿ ಎಂದು ಬಿಲ್ ಪುಸ್ತಕದ ಬೆನ್ನಿಗೆ ಗುರುತು ಹಾಕುತ್ತ ಬಂದೆ. ಏಳಡಿ ಎರಡಂಗುಲಕ್ಕೆ ಮೈನಸ್ ಮೂವತ್ತೆಂಟು. ಡಬ್ಬಿಯನ್ನು ಚಿಪ್ಪಿನ ಮೇಲೆ ಕೂರಿಸಿ ಓಡಿಸಿದೆವು, ತಾಮ್ರದ ಮೇಲೆ ಬೆಳ್ಳಗೆ ಹಿಮ ಕಟ್ಟಿತು. ನಮ್ಮಲ್ಲಿ ಹಿಮ ಕಟ್ಟಿತೆಂದರೆ ಕೆಲಸ ಮುಗಿಯಿತು ಎಂದಲ್ಲವೇ? ನೀವು ಗಿರಾಕಿಗೆ ಅದನ್ನೇ ತೋರಿಸಿ ಕೈ ಒರೆಸಿಕೊಳ್ಳುವುದು. ನಾನೂ ಕೈ ಒರೆಸಿಕೊಂಡು ಕಾಫಿಗೆ ಹೋದೆ. ಬರುವಷ್ಟರಲ್ಲಿ ಹಿಮದ ಸುತ್ತ ಕೂತ ಇಬ್ಬನಿ ಹನಿಯಾಗಿ ಚಿಪ್ ಕೂತ ಬೋರ್ಡಿಗೆ ಇಳಿದು, ಸುಟ್ಟ ವಾಸನೆ. ಹುಡುಗಿ ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. "ಇನ್ನೊಂದೇ ಬೋರ್ಡ್ ಇರೋದು ಅಕ್ಕ, ನಾಕು ದಿನ ಇದೆ" ಎಂದಳು. ಅದೇ ಹೊತ್ತಿಗೆ ಗುರುಪಾದಸ್ವಾಮಿ ಟೇಪು ಹಿಡಿದು ಬಂದು, ಓವನ್ನಿಗೆ ಜಾಗವೆಂದು ನಮ್ಮ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದ. ಹೋಗುವಾಗ "ಕಂಪ್ಯೂಟರ್ನ ಪಿರಿಜ್ಗೆ ಮಡಗ್ಬುಟ್ಟಿದ್ದಿಯಲ್ಲವ್ವ, ಒರಗಿಟ್ರೆ ಕೊಳ್ತೋಯ್ತದಾ?" ಎಂದು ಕೇಳಿದ.

ದಾರಿ ತೋರಿಸಿದ್ದು ನಿಮ್ಮ ತಾಯಿ. ಎಲೆಗೆ ಸುಣ್ಣ ಸವರುತ್ತ ಕೂತಿದ್ದವರು, ನೀರು ಎಲ್ಲಿಂದ ಬಂತು ಎಂದರು. ಗಾಳಿಯಿಂದ ಎಂದೆ. "ಅಂಗಾರೆ ಗಾಳಿ ತಾಕ್ದಂಗೆ ಮೆತ್ತು. ಚಳೀಲಿ ಅಸೀನ್ ಕೆಚ್ಲು ಒಡೀದಂಗೆ ಏನ್ ಬಳೀತೀವಿ?" ಎಂದು ಕೊಟ್ಟಿಗೆಯಿಂದ ವ್ಯಾಸಲಿನ್ ಡಬ್ಬಿ ತಂದಿಟ್ಟರು. ಅದರಲ್ಲಿ ಕರೆಂಟು ಹರಿಯುವುದಿಲ್ಲ ಎಂದು ತೇಜಸ್ವಿನಿ ಪರೀಕ್ಷಿಸಿ ನೋಡಿದ ಮೇಲೆ, ಚಿಪ್ಪಿನ ಸುತ್ತ ಒಂದು ಸಂದೂ ಬಿಡದೆ ಮೆತ್ತಿ, ಮೇಲೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದೆವು.

ನಿನ್ನೆ ಚಾಮರಾಜನಗರ. ಕಂಪ್ರೆಸರ್ ವಾಲದಂತೆ ಗೂಡ್ಸ್ ಆಟೋದಲ್ಲಿ ಉದ್ದಕ್ಕೂ ತಬ್ಬಿಕೊಂಡೇ ಹೋದೆ. ಒಬ್ಬ ಮೇಷ್ಟ್ರು ನನ್ನ ಬೆನ್ನ ಹಿಂದೆ ಇಣುಕಿ "ಮೆಕ್ಯಾನಿಕ್ ಎಲ್ಲಿ?" ಎಂದರು. "ಅಷ್ಟು ದೂರ ನೋಡ್ಬೇಡಿ ಸಾರ್" ಎಂದೆ. ಫ್ಯಾನಿನದು ಎರಡನೇ ನಿಮಿಷಕ್ಕೆ ನಿಂತಿತು, ನೀರಿನದು ಆರಕ್ಕೆ. ಕಂಪನಿಯವರು ಮೂರೂವರೆ ಗಿಗಾಹರ್ಟ್ಸ್ ಎಂದು ಬರೆದು ಕೊಟ್ಟ ಚಿಪ್ಪನ್ನು ನಾವು ಐದೂಕಾಲರಲ್ಲಿ ಓಡಿಸಿದೆವು. ಹತ್ತು ನಿಮಿಷ ಕೇಳಿದ್ದರು, ನಲವತ್ತು ಕೊಟ್ಟೆ. ಗೆಲುವು ತೇಜಸ್ವಿನಿಯದು. ಆಮೇಲೆ ಬಿಚ್ಚಿ, ಬೋರ್ಡಿನ ಮೇಲೆ ಎಲ್ಲರೆದುರು ಬಿಳಿ ಕರವಸ್ತ್ರ ಒತ್ತಿದೆ. ಒಂದು ಹನಿ ಇಲ್ಲ. ಮರಿಮಲ್ಲಪ್ಪನವರು ಬೆಸುಗೆಯ ಮೇಲೆ ಬೆರಳಾಡಿಸಿ, "ನಮ್ ಹಾಲಿನ್ ಚಿಲ್ಲರ್ ನೀನೇ ನೋಡ್ಕಳವ್ವ, ಸಂತೆಮರಹಳ್ಳಿ ಸೊಸೈಟಿಯೋರ್ಗೂ ಯೋಳ್ತೀನಿ" ಎಂದರು.

ಅತ್ತೆಯ ಆಶೀರ್ವಾದ ಮತ್ತು ಉಳಿದ ಅರ್ಧ ಡಬ್ಬಿ ವ್ಯಾಸಲಿನ್ ಈ ಕಾಗದದ ಜೊತೆಗೇ ಬರುತ್ತಿವೆ. ಉಪ್ಪುನೀರಿಗೆ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳಿ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಿ.

ಇತಿ ನಿಮ್ಮ
ಭಾನು

ತಾ.ಕ.: ಬೆಳಗಿನ ಬಸ್ಸು ಬಂದಿದೆ, ಕಂಡಕ್ಟರ್ ಈ ಕಾಗದಕ್ಕೆ ಕೈ ಚಾಚಿ ನಿಂತಿದ್ದಾನೆ. ಬೀಗದ ಕೈ ಗುರುಪಾದಸ್ವಾಮಿಗೆ ಕೊಡುವುದಿಲ್ಲ. ಗೋಡೆಯ ಗೆರೆ ಒರೆಸಿಯಾಯಿತು. ಒಂದನೇ ತಾರೀಕಿನಿಂದ ಚಿಲ್ಲರ್ ಕೆಲಸ ಶುರು. ಬೆಸುಗೆ ನಾನೇ ಹಾಕುತ್ತೇನೆ, ಬ್ಯಾಟರಿ ಹಿಡಿಯಲು ಒಬ್ಬರು ಬೇಕು. ಕೈ ನಡುಗದವರಾದರೆ ಒಳ್ಳೆಯದು. ನಮ್ಮವರೇ ಆದರೆ ನಡುಗಿದರೂ ಅಡ್ಡಿಯಿಲ್ಲ.