ಪೆನ್ನಿನ ಒಲೆ

21-2-1999, ರವಿವಾರ. ದೇವರ ಹಿಪ್ಪರಗಿ

ನಮ್ಮ ಸಂಘಟನೆಯ ಪತ್ರಿಕೆಯವರು ಮಹಿಳಾ ದಿನದ ಸಂಚಿಕೆಗೆ, ನಮ್ಮ ಜೊತೆಗಿನ ಹುಡುಗಿ ಫರಹತ ಬರೆದ ಚಿತ್ರವೇ ಮುಖಪುಟ ಎಂದಿದ್ದರು, ಇಂದು ಇಲ್ಲವೆಂದರು. ಇಂದಿನ ಸಭೆಯಲ್ಲಿ ಅವಳಿಗೆ ಹತ್ತು ನಿಮಿಷ ಮಾತು ಎಂದಿದ್ದರು; ಅವಳನ್ನೂ ನನ್ನನ್ನೂ ರೊಟ್ಟಿ ಬಡಿಯಲು ಕಳಿಸಿದರು.

ಚಿತ್ರದಲ್ಲಿ ಅವಳು ತೆಗೆದದ್ದು ನಮ್ಮದೇ ಸಂಘಟನೆಯ ಸಭೆ. ಮುಂದೆ ಮುಷ್ಟಿ ಎತ್ತಿದ ಗಂಡಸರು. ಪರದೆಯ ಹಿಂದೆ ಒಲೆ, ಬೆನ್ನು ಬಾಗಿಸಿ ರೊಟ್ಟಿ ಬಡಿಯುವ ನಾವು. ಎಲ್ಲ ಬಾಲ್‌ಪೆನ್ನಿನಲ್ಲಿ.

ಸಂಪಾದಕ ಖಂಡೆಪ್ಪ ಉಣ್ಣುತ್ತಲೇ ಹೇಳಿದ: “ಕೈ ಛಲೋ ಐತಿ ತಂಗಿ. ಹಿಂದಿನ ಒಲಿ ಒಂದ ಅಳಸಿಬಿಡು, ಹಾಕೂಣು.”

“ಪೆನ್ನಿಲೆ ತಗದೇನ್ರಿ ಅಣ್ಣಾ. ಅಳಸಾಕ ಬರೂದಿಲ್ಲ.”

“ಹಂಗಾರ ಬ್ಯಾರೆ ತಗಿ.” ನನ್ನ ಕಡೆ ತಿರುಗಿದ. “ಅಕ್ಕಾ, ಇನ್ನೊಂದ ಬಿಸಿ ರೊಟ್ಟಿ ತರ್ರಿ.”

ತಂದು ಹಾಕಿದೆ. ಹತ್ತು ವರ್ಷ ಘೋಷಣೆ ಕೂಗಿದ ನನ್ನ ಬಾಯಿ ಆಗ ಎಲ್ಲಿ ಸತ್ತಿತ್ತು? ಫರಹತ ನನ್ನ ಕೈ ನೋಡಿದಳು, ಮುಖ ನೋಡಲಿಲ್ಲ. ಅದೇ ನುಂಗಲಾಗುತ್ತಿಲ್ಲ.

ಚಿತ್ರವನ್ನು ಅವಳಿಂದ ಕೇಳಿ ತಂದಿದ್ದೇನೆ. ಮುಂದಿನ ಸಭೆಗೆ ಮನೆಮನೆ ತಿರುಗಿ ಜೋಳದ ಹಿಟ್ಟು ಕೂಡಿಸುವ ಪಾಳಿ ನನ್ನದು. ಕೂಡಿಸುವುದಿಲ್ಲ. ಪರದೆಗೆ ಈ ಚಿತ್ರ ಅಂಟಿಸಿ ಅವಳ ಜೊತೆ ಮುಂದಿನ ಸಾಲಿನಲ್ಲಿ ಕೂಡುತ್ತೇನೆ. ಸಭೆ ಸಿಂದಗಿಯಲ್ಲಿ, ರವಿವಾರ 28, ಮುಂಜಾನೆ ಹನ್ನೊಂದಕ್ಕೆ.