ಔಷಧಕ್ಕೆ ಜಗ್ಗದ ಯೀಸ್ಟ್

ಮಾರ್ಚ್ ೧೧, ಮಂಗಳವಾರ

ನಮ್ಮ ಲ್ಯಾಬಿನ ಮುಖ್ಯಸ್ಥರನ್ನು ನೆನೆದರೆ ಈಗಲೂ ವಾಕರಿಕೆ ಬರುತ್ತದೆ. ವಾರ್ಡಿನಲ್ಲಿರುವ ಅಜ್ಜಿಯೊಬ್ಬರ ರಕ್ತದಲ್ಲಿ ಯೀಸ್ಟ್ ಎಂಬ ಶಿಲೀಂಧ್ರ ಸೇರಿಕೊಂಡಿದೆ. ಅವರಿಗೆ ಕೊಡುತ್ತಿರುವ ಔಷಧ ಯೀಸ್ಟಿನ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು ಹಿಡಿದೆಳೆದು ಅದನ್ನು ಕೊಲ್ಲಬೇಕು. ಈ ಯೀಸ್ಟಿನಲ್ಲಿ ಆ ಕೊಬ್ಬೇ ಇಲ್ಲ. ಲ್ಯಾಬಿನಲ್ಲಿ ಪರೀಕ್ಷೆಗೆಂದು ಅದನ್ನು ಬೆಳೆಸುವ ಪ್ಲೇಟಿಗೆ ಔಷಧ ಹಾಕಿದರೂ ಹುಲುಸಾಗಿ ಬೆಳೆದಿದೆ.

“ಈ ಔಷಧಕ್ಕೆ ಎಲ್ಲಾ ಯೀಸ್ಟೂ ಸಾಯುತ್ತೆ ಅಂತ ಬರೆದಿದೀವಿ. ಇದನ್ನ ಸೇರಿಸಿದ್ರೆ ನಮ್ಮ ಪ್ರಬಂಧ ಕೆಡುತ್ತಮ್ಮ. ಬಿಸಾಕಿಬಿಡು,” ಎಂದರು ಮುಖ್ಯಸ್ಥರು, ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ.

“ವಾರ್ಡಿಗಾದ್ರೂ ಹೇಳೋಣ, ಸರ್. ಅಜ್ಜಿ ಇನ್ನೂ ಅದೇ ಔಷಧದ ಮೇಲಿದಾರೆ.”

“ವಯಸ್ಸಾಗಿದೆ ಬಿಡು. ಊರ ಉಸಾಬರಿ ನಮಗ್ಯಾಕೆ?”

ಹೊರಗೆ ಬಂದು ವಾರ್ಡಿನ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಸಂಜೆಯೇ ಔಷಧ ಬದಲಾಯಿಸಿದರು. ಅಜ್ಜಿ ಉಳಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ಬೆಳಗಾದರೆ ಆ ಮನುಷ್ಯನಿಗೆ ಮತ್ತೆ ‘ನಮಸ್ಕಾರ ಸರ್’ ಅನ್ನಬೇಕು. ನಾಲಿಗೆ ಹೇಗೆ ಹೊರಳುತ್ತದೋ.